ತೇಗಕ್ಕೂ ಹವಳಕ್ಕೂ ನಡುವೆ ಒಂದು ವರ್ಷ

ನಮ್ಮ ಸಾರ್ ಮನುಷ್ಯರ ವಯಸ್ಸು ಹೇಳುವುದರಲ್ಲಿ ಯಾವಾಗಲೂ ತಪ್ಪುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವಾರ, ನನಗಾಗ ಮೂವತ್ತೊಂದು, "ನಿಮಗೆ ರಿಟೈರ್‌ಮೆಂಟ್ ಯಾವಾಗಮ್ಮ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಕ್ಯಾಂಟೀನಿನ ಅಜ್ಜನನ್ನು ತಮಗಿಂತ ಚಿಕ್ಕವನೆಂದು ತಿಳಿದು ವರ್ಷಗಟ್ಟಲೆ ಹೆಸರು ಹಿಡಿದು ಕರೆಯುತ್ತಿದ್ದರು. ಆದರೆ ಅಡ್ಡ ಕೊಯ್ದ ಒಂದು ತೇಗದ ಬಿಲ್ಲೆಯನ್ನೋ ಹವಳದ ಹಲಗೆಯನ್ನೋ ಮುಂದಿಟ್ಟರೆ ಸಾಕು, ಅದು ಯಾವ ವರ್ಷ ಹೊಟ್ಟೆ ತುಂಬ ಉಂಡಿತ್ತು, ಯಾವ ವರ್ಷ ಉಪವಾಸ ಬಿದ್ದಿತ್ತು ಎಂದು ಪಕ್ಕದ ಮನೆಯವರ ಸುದ್ದಿಯ ಹಾಗೆ ಹೇಳುತ್ತಿದ್ದರು.

ಕಳೆದ ತುಲಾ ತಿಂಗಳಲ್ಲಿ, ಹಿಂಗಾರು ಮಳೆಯ ಹೊತ್ತಿಗೆ, ಅವರು ತಿರುವನಂತಪುರದಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಕೆಲಸದ ಬಗ್ಗೆಯೂ ಸರಿಯಾಗಿ ಬರೆಯಬೇಕಾಗುತ್ತದೆ. ಅಷ್ಟು ಓದಿದವಳು ನಾನಲ್ಲ. ಕುಂಬಳೆಯ ಹತ್ತಿರ ಕನ್ನಡ ಶಾಲೆಯಲ್ಲಿ ಕಲಿತು, ಪಿಯುಸಿ ಮುಗಿಸಿ, ಮದುವೆಯಾಗಿ ಕೊಚ್ಚಿಗೆ ಬಂದು, ಕೇಂದ್ರ ಸರ್ಕಾರದ ಒಂದು ಸಂಶೋಧನಾ ಕಚೇರಿಯಲ್ಲಿ ಪ್ರಯೋಗಾಲಯದ ಸಹಾಯಕಿಯಾದವಳು. ಕಲ್ಲು ಕತ್ತರಿಸುವುದು, ಮರ ಉಜ್ಜುವುದು, ತೊಳೆಯುವುದು, ಚೀಟಿ ಅಂಟಿಸುವುದು ನನ್ನ ಕೆಲಸ. ಸಾರ್ ಮೈಸೂರಿನ ಕಡೆಯವರು. ಆ ಮಹಡಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಆದರೂ ನನ್ನ ಕನ್ನಡ ಅವರಿಗೆ, ಅವರ ಕನ್ನಡ ನನಗೆ ಪೂರ್ತಿ ಅರ್ಥವಾಗಲು ಆರು ತಿಂಗಳು ಹಿಡಿಯಿತು.

"ಬಿಲ್ಲೆ ಎಲ್ಲಮ್ಮ ಇಟ್ರಿ?"

"ಅಲ್ಲಿಯೇ ಉಂಟು ಸಾರ್."

"ಎಲ್ಲಿಯೇ?"

"ಅದೇ ಸಾರ್, ಅಲ್ಲಿ, ನಿಮ್ಮ ಕೈಯ ಅಡಿಯಲ್ಲಿ."

ತೇಗದ ಮರವನ್ನೂ ಹವಳವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಅವರ ಕೆಲಸ. ಕೇಳಿದವರೆಲ್ಲ ನಗುತ್ತಿದ್ದರು. ನನಗೂ ಮೊದಲು ಅರ್ಥವಾಗಲಿಲ್ಲ. ಹವಳ ಎಂದರೆ ನನಗೆ ಗೊತ್ತಿದ್ದದ್ದು ಉಂಗುರದ ಕೆಂಪು ಹರಳು ಮಾತ್ರ. ಇದು ಹಾಗಲ್ಲ. ಲಕ್ಷದ್ವೀಪದ ಸಮುದ್ರದಲ್ಲಿ ಗುಡಾಣದ ಹಾಗೆ ಗುಂಡಗೆ ಬೆಳೆಯುವ ಬಿಳಿ ಹವಳ. ಅನುಮತಿ ಪಡೆದು, ಮುಳುಗಿ, ಅದರಿಂದ ಕೊಳವೆಯಂಥ ಒಂದು ತುಂಡು ಕೊರೆದು ತೆಗೆದು, ಆ ತೂತನ್ನು ಸಿಮೆಂಟಿನಿಂದ ಮುಚ್ಚಿ ಬರುತ್ತಾರೆ. ನಾನು ಆ ತುಂಡನ್ನು ಉದ್ದಕ್ಕೆ ಸೀಳಿ ತೆಳು ಹಲಗೆ ಮಾಡುತ್ತಿದ್ದೆ.

"ಇವರಿಬ್ಬರೂ ಒಂದೇ ಥರ ಕಣಮ್ಮ," ಎಂದು ಅವರು ಒಂದು ದಿನ ಹೇಳಿಕೊಟ್ಟರು. ಕೈಯಲ್ಲಿ ಮೊಸರನ್ನದ ಡಬ್ಬಿಯಿತ್ತು. "ತೇಗದಲ್ಲಿ ಜೀವ ಇರೋದು ತೊಗಟೆ ಕೆಳಗೆ ಒಂದು ಪದರದಲ್ಲಿ. ಒಳಗಿನ ಮರ ಎಲ್ಲ ಸತ್ತದ್ದು. ಹವಳದಲ್ಲೂ ಅಷ್ಟೆ, ಪುಟ್ಟ ಪುಟ್ಟ ಪ್ರಾಣಿಗಳು, ಮೇಲ್ಗಡೆ ಒಂದು ಪದರ. ಕೆಳಗಿರೋದು ಅವರದೇ ಹಳೇ ಮೂಳೆ. ಇಬ್ಬರೂ ತಮ್ಮ ಕಳೆದುಹೋದ ವರ್ಷಗಳ ಮೇಲೇ ಕೂತಿರೋರು."

"ಹಾಗಾದರೆ ವ್ಯತ್ಯಾಸ ಎಂತ ಸಾರ್?"

"ಮಳೆ. ಮಳೆ ಬಂದ್ರೆ ತೇಗಕ್ಕೆ ಹಬ್ಬ. ಹವಳಕ್ಕೆ ಮೋಡ, ತಣ್ಣೀರು, ಕದಡಿದ ಸಮುದ್ರ, ಕಷ್ಟ. ಒಂದೇ ಮಳೆಯನ್ನ ಒಬ್ಬ ಸಂತೋಷವಾಗಿ ಬರೆದಿಡ್ತಾನೆ, ಇನ್ನೊಬ್ಬ ಸಂಕಟದಲ್ಲಿ ಬರೆದಿಡ್ತಾನೆ. ಇಬ್ಬರ ಬರಹವನ್ನೂ ಕೂಡಿಸಿ ಓದಿದ್ರೆ ಹಿಂದಿನ ಮಳೆಗಾಲ ಎಲ್ಲ ಗೊತ್ತಾಗುತ್ತೆ."

ಅಂದಿನಿಂದ ಅವರು ಹೇಳುವುದೆಲ್ಲ ನನಗೆ ಸಂಬಂಧ ಕೂಡಿಸುವವರ ಮಾತಿನ ಹಾಗೆ ಕೇಳಿಸುತ್ತಿತ್ತು. ಮಾತಾಡುತ್ತಿದ್ದದ್ದೂ ಹಾಗೆಯೇ. "ತೇಗದವರು ಒಪ್ಪಿದಾರೆ, ಹವಳದವರು ಇನ್ನೂ ಏನೂ ಹೇಳಿಲ್ಲ" ಎನ್ನುತ್ತಿದ್ದರು. ಕಚೇರಿಯ ಮಲಯಾಳಿಗಳು ಕಾರಿಡಾರಿನಲ್ಲಿ ಸಿಕ್ಕಾಗ, "ಕಲ್ಯಾಣಂ ಎಪ್ಪಳಾ ಸಾರೇ?" ಎಂದು ಮದುವೆಯ ದಿನ ಕೇಳುತ್ತಿದ್ದರು. ಸಾರ್ ಗಂಭೀರವಾಗಿ, "ಜಾತಕ ನೋಡ್ತಾ ಇದೀವಿ" ಎನ್ನುತ್ತಿದ್ದರು.

ಹವಳದ ಪಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ. ಎಕ್ಸ್‌ರೇ ತೆಗೆದರೆ ಒಂದು ಕಪ್ಪು, ಒಂದು ಬಿಳಿ ಎಂದು ಕಾಣುತ್ತದೆ. ಎರಡೂ ಸೇರಿ ಒಂದು ವರ್ಷ. ನಮ್ಮಲ್ಲಿ ಆ ಯಂತ್ರ ಇರಲಿಲ್ಲ. ಆದ್ದರಿಂದ ಪಾಲಾರಿವಟ್ಟದಲ್ಲಿ ಸಾರ್ ಬಾಡಿಗೆಗಿದ್ದ ಕೋಣೆಯ ಹತ್ತಿರದ ಒಂದು ಎಕ್ಸ್‌ರೇ ಕೇಂದ್ರಕ್ಕೆ ಹೋಗುತ್ತಿದ್ದೆವು. ಮೊದಲ ಸಲ ಹೋದಾಗ ಕೌಂಟರಿನ ಹುಡುಗಿ ನಮ್ಮ ಹಿಂದೆ ನೋಡಿ, ರೋಗಿ ಎಲ್ಲಿ ಎಂದು ಕೇಳಿದಳು.

"ಪೇಷಂಟ್ ಎವಿಡೆ?"

ಸಾರ್ ಟವೆಲ್ ಬಿಚ್ಚಿ ಹವಳದ ಹಲಗೆಯನ್ನು ಕೌಂಟರಿನ ಮೇಲಿಟ್ಟರು. ಅವಳು ಅದನ್ನೂ ನಮ್ಮನ್ನೂ ನೋಡಿ, ಏನಾದರಾಗಲಿ ಎಂಬಂತೆ ಕಂಪ್ಯೂಟರಿಗೆ ತಿರುಗಿ ಹೆಸರು ಕೇಳಿದಳು. "ಹವಳ" ಎಂದರು. ವಯಸ್ಸು ಕೇಳಿದಳು.

"ಅದನ್ನ ತಿಳ್ಕೊಳ್ಳೋಕೇ ಬಂದಿರೋದು," ಎಂದು ಸಾರ್ ತಮ್ಮ ಮುರುಕು ಮಲಯಾಳದಲ್ಲಿ ಹೇಳಿದರು.

ವಯಸ್ಸು ಹಾಕದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲವಂತೆ. ಕೊನೆಗೆ ಬಂದ ರಸೀದಿಯಲ್ಲಿ "ಬೇಬಿ ಹವಳ, ಒಂದು ವರ್ಷ, ಹೆಣ್ಣು" ಎಂದಿತ್ತು. ಆ ಬೇಬಿಯ ಮೈಯಲ್ಲಿ ನೂರಕ್ಕಿಂತ ಹೆಚ್ಚು ಪಟ್ಟೆಗಳಿದ್ದವು.

ಶುಕ್ರವಾರ ಸಂಜೆ ಅವರು ರೈಲು ಹತ್ತಿ ತಿರುವನಂತಪುರಕ್ಕೆ ಹೋಗುತ್ತಿದ್ದರು. ಅಕ್ಕ, ಎಂದರೆ ಅವರ ಹೆಂಡತಿ, ಅಲ್ಲಿ ತುಂಬಾ ಎಂಬ ಊರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದರು. ವರ್ಗಾವಣೆಗಾಗಿ ಇಬ್ಬರೂ ಅರ್ಜಿ ಹಾಕಿ ಹಾಕಿ ಸಾಕಾಗಿ, ಇಪ್ಪತ್ತು ವರ್ಷ ಎರಡು ಊರುಗಳಲ್ಲಿ ಸಂಸಾರ ಮಾಡಿದವರು. ರೈಲಿಗೂ ಸಾರ್ ಒಂದೊಂದು ಸಲ ಬಿಲ್ಲೆ ಒಯ್ಯುತ್ತಿದ್ದರು. ಒಮ್ಮೆ ಎದುರು ಕುಳಿತವನು ಬಹಳ ಹೊತ್ತು ಅದನ್ನು ನೋಡಿ, ಮಾಂಸ ಕಡಿಯಲಿಕ್ಕಾ ಎಂದು ಕೇಳಿದನಂತೆ. ಸಾರ್ ಅಲ್ಲ ಎಂದರೂ ನಂಬದೆ, "ತೇಗ ಬೇಡ ಸಾರೇ, ಹುಣಸೆಯೇ ಒಳ್ಳೆಯದು, ಚೂರು ಏಳುವುದಿಲ್ಲ" ಎಂದು ಕೊಲ್ಲಂ ಬರುವವರೆಗೂ ಬುದ್ಧಿ ಹೇಳಿದನಂತೆ. ಸೋಮವಾರ ಬಂದು ಅದನ್ನು ನನಗೆ ಹೇಳುವಾಗ, ಅವನ ಮಾತಿನಲ್ಲಿ ತಥ್ಯವಿದೆಯೋ ಎಂದು ಅವರು ನಿಜವಾಗಿಯೂ ಯೋಚಿಸುತ್ತಿದ್ದರು.

ಇನ್ನು ಎಣಿಸುವ ಕ್ರಮ. ನಾನು ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

ಯಾವುದೇ ಬಿಲ್ಲೆಯನ್ನು, ಯಾವುದೇ ಫಿಲ್ಮನ್ನು ಒಬ್ಬರೇ ಎಣಿಸಬಾರದು ಎಂಬುದು ಅವರ ನಿಯಮ. ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಒಬ್ಬರು ಎಣಿಸುವಾಗ ಇನ್ನೊಬ್ಬರು ಕೋಣೆಯಲ್ಲಿ ಇರಬಾರದು. ಲೆಕ್ಕವನ್ನು ಚೀಟಿಯಲ್ಲಿ ಬರೆದು ಮಡಚಿ ಒಂದು ಸ್ಟೀಲ್ ಡಬ್ಬಿಗೆ ಹಾಕಬೇಕು. ಮರುದಿನ ಎರಡನ್ನೂ ಒಟ್ಟಿಗೆ ಬಿಚ್ಚುವುದು. ಒಂದೇ ಬಂದರೆ ಫೈಲಿಗೆ. ಬರದಿದ್ದರೆ ಮತ್ತೆ ಮೊದಲಿನಿಂದ. ಎರಡನೆಯ ಕಣ್ಣಾಗಿ ದೊಡ್ಡ ಓದು ಓದಿದವರು ಯಾರೂ ಅವರಿಗೆ ಬೇಡವಾಗಿತ್ತು. "ಓದಿದೋರು ಮಳೆಯ ಲೆಕ್ಕ ನೋಡ್ಕೊಂಡು ಬಂದಿರ್ತಾರೆ. ನಿಮಗೆ ಏನೂ ಗೊತ್ತಿಲ್ಲ. ಅದೇ ನಿಮ್ಮ ಬಲ" ಎನ್ನುತ್ತಿದ್ದರು. ನನಗೆ ಬೇಜಾರಾಗಬೇಕೋ ಖುಷಿಯಾಗಬೇಕೋ ತಿಳಿಯುತ್ತಿರಲಿಲ್ಲ. ಮೊದಲು ನಾನು ಇಂಗ್ಲಿಷಿನಲ್ಲಿ ಎಣಿಸುತ್ತಿದ್ದೆ. ಒಂದು ದಿನ ಬಾಗಿಲ ಹೊರಗಿನಿಂದ ಕೇಳಿಸಿಕೊಂಡವರು, "ಸೆವೆಂಟಿ ನೈನ್ ಆದ್ಮೇಲೆ ನೀವು ಒಂದು ಸಲ ಉಸಿರು ತಗೋತೀರಿ. ಅಲ್ಲೇ ಒಂದು ವರ್ಷ ತಪ್ಪಿಸಿಕೊಳ್ಳುತ್ತೆ. ಕನ್ನಡದಲ್ಲಿ ಎಣಿಸಿ" ಎಂದರು. ಆಮೇಲೆ ನನಗೆ ತಪ್ಪಲಿಲ್ಲ.

ತೇಗವನ್ನು ಎಣಿಸುವುದು ಸುಲಭವೆಂದು ಕಾಣುತ್ತದೆ, ಸುಲಭವಲ್ಲ. ಈ ನಾಡಿನಲ್ಲಿ ಮಳೆ ಎರಡು ಸಲ. ನಡುವೆ ಬಿಸಿಲು ಜೋರಾಗಿ ಬಂದರೆ ಮರಕ್ಕೆ ಗೊಂದಲವಾಗುತ್ತದೆ. ವರ್ಷ ಮುಗಿಯಿತೆಂದು ಗೆರೆ ಎಳೆದುಬಿಡುತ್ತದೆ. ತುಲಾ ಮಳೆ ಬಿದ್ದಾಗ ಮತ್ತೆ ಎದ್ದು ಬೆಳೆಯುತ್ತದೆ. "ಮಧ್ಯಾಹ್ನ ಮಲಗಿ ಎದ್ದೋನು ಬೆಳಗಾಯ್ತು ಅಂತ ಹಲ್ಲುಜ್ಜೋಕೆ ಹೋಗ್ತಾನಲ್ಲ, ಹಾಗೆ," ಎಂದು ಸಾರ್ ನಗುತ್ತಿದ್ದರು. ಅದು ಸುಳ್ಳು ಉಂಗುರ. ನಿಜವಾದ ಉಂಗುರದ ಅಂಚು ಹೊರಬದಿಯಲ್ಲಿ ಚಾಕುವಿನಿಂದ ಗೀರಿದಂತೆ ಇರುತ್ತದೆ. ಸುಳ್ಳು ಉಂಗುರದ ಎರಡು ಬದಿಯೂ ಮಬ್ಬು. ಹಾಗೆಂದು ಹೇಳುವುದು. ಎದುರಿಗೆ ಬಿಲ್ಲೆ ಇಟ್ಟುಕೊಂಡಾಗ ಕೆಲವು ಗೆರೆಗಳು ಎರಡೂ ಆಗಿರುತ್ತವೆ.

ನಿವೃತ್ತಿಗೆ ಮೂರು ತಿಂಗಳಿರುವಾಗ ಅವರು ಕಣ್ಣಿನ ಪೊರೆ ತೆಗೆಸಿಕೊಂಡರು. ಅದೇ ಹೊತ್ತಿಗೆ ಮರದ ಡಿಪೋದಿಂದ ಒಂದು ದೊಡ್ಡ ಬಿಲ್ಲೆ ಬಂತು. ಬಿರುಗಾಳಿಗೆ ಬಿದ್ದ ಹಳೆಯ ತೇಗ. ಬಿದ್ದ ವರ್ಷ ಖಚಿತವಾಗಿ ಗೊತ್ತಿತ್ತು. ಸಾರ್ ವರ್ಷಗಳಿಂದ ಕಾಯುತ್ತಿದ್ದ ಮರ ಅದು. ಬೇಬಿ ಹವಳಕ್ಕೆ ಜೊತೆಯಾಗುವಷ್ಟು ವಯಸ್ಸಿನದು. ನಾನು ಹತ್ತು ದಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಅಂಗೈ ಇಟ್ಟರೆ ಜಾರುವ ಹಾಗೆ ಮಾಡಿದೆ. ಒಂದು ಶುಕ್ರವಾರ ಸಾರ್ ಕುಳಿತು ಎಣಿಸಿ, ಚೀಟಿಯನ್ನು ಡಬ್ಬಿಗೆ ಹಾಕಿ, "ನಿಧಾನವಾಗಿ ನೋಡಿ, ಸೋಮವಾರ ಬಿಚ್ಚೋಣ" ಎಂದು ರೈಲಿಗೆ ಹೊರಟರು.

ನಾನು ಎಣಿಸಿದೆ. ತೊಗಟೆಯಿಂದ ಒಳಗೆ ನಲವತ್ತೆರಡು ಗೆರೆಗಳಾದ ಮೇಲೆ ಒಂದು ಸಿಕ್ಕಿತು. ಅದರ ಹೊರಬದಿ ಒಂದು ಕಡೆ ಚೂಪು, ಇನ್ನೊಂದು ಕಡೆ ಮಬ್ಬು. ಅಲ್ಲಿ ಸೂಜಿ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಸುಳ್ಳು ಎಂದು ಬಿಟ್ಟೆ. ಒಟ್ಟು ನೂರ ಹದಿನಾರು ಬಂತು. ಮತ್ತೆ ಎಣಿಸಿದೆ, ನೂರ ಹದಿನಾರೇ. ಚೀಟಿ ಬರೆದೆ. ಡಬ್ಬಿಯ ಮುಚ್ಚಳ ತೆಗೆದೆ. ಅವರ ಚೀಟಿ ಸರಿಯಾಗಿ ಮಡಚಿರಲಿಲ್ಲ. ಸಾಲದ್ದಕ್ಕೆ ನಾನೇ ಬಿಚ್ಚಿದೆ. ನೂರ ಹದಿನೇಳು.

ಆ ದಿನಗಳಲ್ಲಿ ಕಚೇರಿಯಲ್ಲಿ ಒಂದು ಮಾತು ಓಡಾಡುತ್ತಿತ್ತು. ಮುದುಕರ ಕಣ್ಣು ಹೋಗಿದೆ, ಹಳೆಯ ಲೆಕ್ಕಗಳನ್ನೆಲ್ಲ ಹೊಸಬರಿಂದ ಮತ್ತೆ ಮಾಡಿಸಬೇಕು ಎಂದು. ನನ್ನ ಎದುರೇ ಹೇಳಿದ್ದರು. ನಮ್ಮ ಎರಡು ಚೀಟಿ ಬೇರೆಯಾದರೆ ಆ ಮಾತಿಗೆ ಕಾಲು ಬರುತ್ತದೆ ಎಂದು ನನಗೆ ಭಯವಾಯಿತು. ಅದರ ಜೊತೆಗೆ, ಇಪ್ಪತ್ತು ವರ್ಷ ಇದನ್ನೇ ನೋಡಿದವರು ಅವರು. ನಾನು ಯಾರು? ನನ್ನ ಮನೆಯಲ್ಲಿ ಹಿರಿಯರು ಒಂದು ಮಾತು ಹೇಳಿದ ಮೇಲೆ ಹೆಣ್ಣುಮಕ್ಕಳು ಲೆಕ್ಕ ಕೇಳಿದ್ದಿಲ್ಲ. ನನ್ನ ಚೀಟಿಯನ್ನು ಹರಿದು, ಹೊಸ ಚೀಟಿಯಲ್ಲಿ ನೂರ ಹದಿನೇಳು ಎಂದು ಬರೆದು ಹಾಕಿದೆ. ಮಟ್ಟಾಂಚೇರಿಯ ಮನೆಗೆ ಹೋಗುವ ದೋಣಿಯಲ್ಲಿ ಕುಳಿತಾಗ ಒಳ್ಳೆಯ ಕೆಲಸ ಮಾಡಿದೆ ಎಂದೇ ಅನಿಸಿತು. ಆ ಹರಿದ ಚೂರುಗಳನ್ನು ನೀರಿಗೆ ಹಾಕಿದೆ.

ಸೋಮವಾರ ಸಾರ್ ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ನೋಡಿದ್ರಾ! ಆಪರೇಷನ್ ಆದ ಕಣ್ಣಮ್ಮ ಇದು!"

ಅವರು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ಕ್ಯಾಂಟೀನಿನಿಂದ ಎಲ್ಲರಿಗೂ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ತರಿಸಿದರು.

ಒಂದು ವಾರ ಕಳೆದು ತೇಗವನ್ನೂ ಹವಳವನ್ನೂ ಕೂಡಿಸಿ ನೋಡಲು ಕುಳಿತರು. ಸಂಜೆ ನನ್ನನ್ನು ಕರೆದರು. "ವಿಚಿತ್ರ ನೋಡಿ. ಹೊರಗಿನಿಂದ ನಲವತ್ತೆರಡು ವರ್ಷ ಇಬ್ಬರೂ ಕೈ ಕೈ ಹಿಡ್ಕೊಂಡು ಬರ್ತಾರೆ. ಆಮೇಲೆ ಒಬ್ಬರು ಒಂದು ಹೆಜ್ಜೆ ಹಿಂದೆ. ಕೊನೇವರೆಗೂ ಒಂದು ಹೆಜ್ಜೆ ಹಿಂದೆ."

ನಾನು ಸುಳ್ಳು ಎಂದು ಬಿಟ್ಟ ಗೆರೆ ಇದ್ದದ್ದೂ ಅಲ್ಲಿಯೇ.

"ಒಂದೋ ತೇಗದವರು ಒಂದು ವರ್ಷ ಹೆಚ್ಚು ಹೇಳ್ತಿದಾರೆ, ಇಲ್ಲಾ ಹವಳದವರು ಒಂದು ವರ್ಷ ನುಂಗಿದಾರೆ," ಎಂದರು. "ತೇಗವನ್ನ ನಾವಿಬ್ಬರೂ ನೋಡಿದೀವಿ. ನನ್ನ ಕಣ್ಣು ಮೋಸ ಮಾಡಬಹುದು, ನಿಮ್ಮದು ಮಾಡಲ್ಲ. ಅಲ್ಲಿಗೆ ಹವಳದ್ದೇ ಏನೋ ಆಗಿದೆ."

ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. "ಸಾರ್, ಚಾ ತರಲಾ?" ಎಂದೆ.

ಅದರ ನಂತರ ಹೇಳುವ ದಿನವೇ ಬರಲಿಲ್ಲ. ಅಥವಾ ಎಲ್ಲ ದಿನವೂ ಹೇಳುವ ದಿನವೇ ಆಗಿತ್ತು, ನಾನೇ ಹೇಳಲಿಲ್ಲ. ಬೀಳ್ಕೊಡುಗೆಯ ದಿನ ಹೇಳುವುದು ಹೇಗೆ? ನಿವೃತ್ತಿಯಾದ ಮೇಲೆ ಫೋನಿನಲ್ಲಿ ಹೇಳುವುದು ಹೇಗೆ? ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಹವಳದ ಹಲಗೆಯನ್ನು ಇನ್ನೊಂದು ಬದಿಯಿಂದ ಸೀಳಿ ಕಳಿಸಿ ಎನ್ನುತ್ತಿದ್ದರು. ನಾನು ಸೀಳಿ ಕಳಿಸುತ್ತಿದ್ದೆ. ಅವರು ತಿರುವನಂತಪುರದಲ್ಲಿ ಎಕ್ಸ್‌ರೇ ತೆಗೆಸುತ್ತಿದ್ದರು. "ಇಲ್ಲೂ ಇಲ್ಲಮ್ಮ ಆ ವರ್ಷ. ಎಲ್ಲಿ ಹೋಯ್ತು?" ಎನ್ನುತ್ತಿದ್ದರು. ಆ ವರ್ಷ ಸಮುದ್ರ ಬಿಸಿಯಾಗಿ ಹವಳ ಬೆಳೆಯುವುದನ್ನೇ ನಿಲ್ಲಿಸಿತೋ, ಮೀನು ಕಚ್ಚಿ ತಿಂದಿತೋ, ಹೀಗೆ ಪ್ರತಿ ವಾರ ಒಂದು ಹೊಸ ಊಹೆ. ಒಂದೂ ಲೇಖನವಾಗಲಿಲ್ಲ. ಎರಡು ವರ್ಷ. ನಾನು ಹೂಂ ಸಾರ್ ಎನ್ನುತ್ತಿದ್ದೆ. ನನ್ನ ಮಗಳು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ, "ಅಮ್ಮ ಎಂದಿನಾ ಎಪ್ಪೋಳುಂ ಹೂಂ ಹೂಂ?" ಎಂದು, ಯಾಕೆ ಯಾವಾಗಲೂ ಹೂಂ ಮಾತ್ರ ಎಂದು ಕೇಳಿದಳು. ಅದಕ್ಕೂ ಹೂಂ ಎಂದೆ.

ಆಮೇಲೆ ಒಂದು ವಾರ ಫೋನ್ ಬರಲಿಲ್ಲ. ಬಂದದ್ದು ಅಕ್ಕನ ಫೋನ್.

ವೈಕುಂಠ ಸಮಾರಾಧನೆಯ ಮಾರನೆಯ ದಿನ ನಾನು ತಿರುವನಂತಪುರಕ್ಕೆ ಹೋದೆ. ಬಂಧುಗಳೆಲ್ಲ ಹೊರಟುಹೋಗಿದ್ದರು. ಅಕ್ಕ ಒಬ್ಬರೇ ಇದ್ದರು. ನನ್ನನ್ನು ಕೂರಿಸಿ, ಒಂದು ಚೀಲ ತಂದು ಮುಂದಿಟ್ಟರು.

"ಫಿಲ್ಮುಗಳು. ನಿಮಗೇ ಕೊಡಬೇಕು ಅಂತಿದ್ರು."

ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಪ್ಪು, ಬಿಳಿ, ಕಪ್ಪು, ಬಿಳಿ. ಅಭ್ಯಾಸದಿಂದ ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಒಂದು ಫಿಲ್ಮಿನ ಪಟ್ಟೆಗಳು ಅಗಲವಾಗಿದ್ದವು, ಎರಡು ಬದಿಗೂ ಬಾಗಿದ್ದವು. ಹನ್ನೊಂದರವರೆಗೆ ಎಣಿಸಿದ ಮೇಲೆ ಅಕ್ಕ ಕೈ ಚಾಚಿದರು.

"ಅದು ಅವರದ್ದು. ಎದೇದು. ಕೊಡಿ ಇಲ್ಲಿ."

ಕೊಟ್ಟೆ. ಅದನ್ನು ಅವರು ಮಡಿಲಲ್ಲಿ ಮಗುಚಿ ಇಟ್ಟುಕೊಂಡರು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಡಬ್ಬಿ, ಚೀಟಿ, ನೂರ ಹದಿನಾರು, ದೋಣಿಯಿಂದ ನೀರಿಗೆ ಹಾಕಿದ್ದು, ಎರಡು ವರ್ಷದ ಹೂಂ. ಮುಗಿದ ಮೇಲೆ ಅಕ್ಕ ಕೇಳಿದರು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿಲ್ಲ ಅಕ್ಕ."

"ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿತ್ತೋ ಇಲ್ಲವೋ ಅಂತ ನಿಮಗೆ ಗೊತ್ತಿಲ್ಲವೋ?"

ಸಾರ್ ಗೆರೆಯ ಒಂದು ಮಬ್ಬನ್ನೂ ಗುರುತಿಸುತ್ತಿದ್ದವರು. ನನ್ನ ಮುಖದಲ್ಲಿದ್ದದ್ದನ್ನು ಗುರುತಿಸಲಿಲ್ಲವೇ? ಮನುಷ್ಯರ ವಿಷಯದಲ್ಲಿ ಅವರು ಯಾವಾಗಲೂ ತಪ್ಪುತ್ತಿದ್ದರು ಎಂದು ಹೇಳಿಕೊಂಡರೆ ಒಂದು ಕ್ಷಣ ಸಮಾಧಾನವಾಗುತ್ತದೆ. ಮರುಕ್ಷಣ ಅದೇ ಇನ್ನೂ ಸಂಕಟ.

"ರಿಟೈರ್ ಆದ್ಮೇಲೆ ಇಬ್ಬರೂ ಒಂದು ವರ್ಷ ಊರೂರು ಸುತ್ತೋಣ ಅಂತ ಮಾತಾಗಿತ್ತು," ಎಂದರು ಅಕ್ಕ. ಅವರ ದನಿ ಏರಲಿಲ್ಲ. "ಇಪ್ಪತ್ತು ವರ್ಷ ಶನಿವಾರ ಭಾನುವಾರದ ಗಂಡ. ನಾನೂ ವಾಲಂಟರಿ ರಿಟೈರ್‌ಮೆಂಟ್ ತಗೊಂಡೆ. ಇವರು, ಆ ವರ್ಷ ಒಂದು ಸಿಗಲಿ, ಆಮೇಲೆ ಹೊರಡೋಣ ಅಂದ್ರು. ಬೆಳಗ್ಗೆ ಎದ್ರೆ ಕಿಟಕಿ ಮುಂದೆ ಈ ಫಿಲ್ಮು. ಒಂದು ಮೈಸೂರಿಗೂ ಬರಲಿಲ್ಲ."

"ನಂದು ತಪ್ಪಾಯ್ತು ಅಕ್ಕ."

"ಸಂತೋಷವಾಗೂ ಇದ್ರು. ಅದೂ ಸುಳ್ಳಲ್ಲ. ಹುಡುಕೋಕೆ ಒಂದಿತ್ತಲ್ಲ." ಅಕ್ಕ ನನ್ನ ಕಡೆ ತಿರುಗಿದರು. "ಏನನ್ನಬೇಕೋ ನನಗೆ ತಿಳೀತಿಲ್ಲ. ಬೈಬೇಕು ಅನ್ಸುತ್ತೆ, ಬೈದ್ರೆ ಅವರು ಇದ್ದಿದ್ರೆ ನನಗೇ ಬೈತಿದ್ರು. ನನ್ಹತ್ರ ಹೇಳಿ ಏನು ಪ್ರಯೋಜನ? ಎಲ್ಲಿ ಹೇಳಬೇಕೋ ಅಲ್ಲಿ ಹೇಳಿ. ಏಳಿ, ಊಟ ಮಾಡಿ. ಅನ್ನ ಆರಿಹೋಗುತ್ತೆ."

ಹುಳಿ, ಅನ್ನ, ಬಾಳೆಕಾಯಿ ಪಲ್ಯ. ಅಕ್ಕ ಬಡಿಸುತ್ತಿದ್ದರು, ನಾನು ಉಣ್ಣುತ್ತಿದ್ದೆ. ತುಪ್ಪ ಹಾಕಲಾ ಎಂದು ಎರಡು ಸಲ ಕೇಳಿದರು. ಬಾಗಿಲಿನ ತನಕ ಬಂದವರು ಮತ್ತೆ ಬನ್ನಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ಚಪ್ಪಲಿ ಹಾಕಿಕೊಂಡು ನಾನು ಮೆಟ್ಟಿಲು ಇಳಿಯುವವರೆಗೂ ಬಾಗಿಲು ಹಿಡಿದು ನಿಂತಿದ್ದರು.

ಎಲ್ಲಿ ಹೇಳಬೇಕು ಎಂಬುದು ನನಗೆ ಗೊತ್ತಿತ್ತು. ಸಾರ್ ಅವರ ಲೆಕ್ಕಗಳನ್ನೆಲ್ಲ ಈಗ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನೋಡುತ್ತಿದ್ದಾಳೆ. ತೃಶ್ಶೂರಿನ ಹುಡುಗಿ, ಚುರುಕು, ನನ್ನನ್ನು ಚೇಚಿ, ಎಂದರೆ ಅಕ್ಕ, ಎಂದು ಕರೆಯುವವಳು. ಸಾರ್ ಅವರನ್ನು ಅವಳು ಎರಡು ಸಲ ಮಾತ್ರ ನೋಡಿದ್ದಳು. ಹವಳ ಒಂದು ವರ್ಷ ಬೆಳೆಯಲೇ ಇಲ್ಲ ಎಂಬುದನ್ನೇ ಹಿಡಿದುಕೊಂಡು ಅವಳು ಪ್ರಬಂಧ ಬರೆಯುತ್ತಿದ್ದಳು. ಮುಂದಿನ ತಿಂಗಳು ಅದು ಅಚ್ಚಿಗೆ ಹೋಗುವುದಿತ್ತು. ಅದು ಹೋದರೆ ನಾನು ಹರಿದು ನೀರಿಗೆ ಹಾಕಿದ ಚೀಟಿಯ ಮೇಲೆ ಅವಳ ಹೆಸರೂ ಕುಳಿತುಕೊಳ್ಳುತ್ತದೆ. ಕೊಚ್ಚಿಗೆ ಬಂದ ಮರುದಿನವೇ ಅವಳಿಗೆ ಹೇಳಿದೆ. ಅಕ್ಕನಿಗೆ ಹೇಳಿದಷ್ಟು ಕಷ್ಟವಾಗಲಿಲ್ಲ. ಮಲಯಾಳದಲ್ಲಿ ಹೇಳಿದ್ದರಿಂದಲೋ ಏನೋ.

ಅವಳ ಮುಖ ಬಿಳಿಚಿತು. "ಚೇಚೀ, ನಿಜವಾ? ನಿಮಗೆ ಬಂದದ್ದು ಎಷ್ಟು?"

"ನೂರ ಹದಿನಾರು."

"ಚೀಟಿ?"

"ಇಲ್ಲ. ಹರಿದೆ ಎಂದೆನಲ್ಲ."

"ಹಾಗಾದರೆ ಯಾರು ನಂಬುತ್ತಾರೆ?" ಅದು ಬೈಗುಳವಲ್ಲ. ಅವಳು ನಿಜವಾಗಿಯೂ ಯೋಚಿಸುತ್ತಿದ್ದಳು. "ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದರೆ ಅದು ಒಂದು ಹೆಚ್ಚು ಕಡಿಮೆ ಇರಬಹುದು ಎಂದೇ ಹೇಳುತ್ತದೆ. ಈ ಮರಕ್ಕೆ ಅದು ಸಾಲದು."

"ಮೊದಲು ಕಣ್ಣಿನಿಂದ ನೋಡೋಣ," ಎಂದೆ. "ನೀನು ಒಮ್ಮೆ, ನಾನು ಒಮ್ಮೆ."

ಉಗ್ರಾಣದಿಂದ ಬಿಲ್ಲೆ ತರಿಸಿದೆವು. ಧೂಳು ಒರೆಸಿ ನಾನು ಮತ್ತೆ ಮೆಲ್ಲಗೆ ಉಜ್ಜಿದೆ. ಮೊದಲು ಅವಳು ಎಣಿಸಿದಳು, ನಾನು ಹೊರಗೆ ನಿಂತೆ. ಆಮೇಲೆ ಅವಳು ಹೊರಗೆ, ನಾನು ಒಳಗೆ. ದೀಪ ಹತ್ತಿರಕ್ಕೆ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಒಂದು, ಎರಡು, ಮೂರು. ನಲವತ್ತೆರಡು ಆಯಿತು. ಆ ಗೆರೆ ಬಂತು.

ಅದು ಚೂಪಾಗಿತ್ತು. ಎಷ್ಟು ನೋಡಿದರೂ ಚಾಕುವಿನಿಂದ ಗೀರಿದ ಹಾಗೇ ಇತ್ತು. ಬಿಲ್ಲೆಯನ್ನು ತುಸು ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದೆ. ಅಲ್ಲಿಯೂ ಹಾಗೆಯೇ. ಆವತ್ತು ನನಗೆ ಕಂಡ ಮಬ್ಬು ಎಲ್ಲಿ ಹೋಯಿತು? ನಾನು ಈಗ ಉಜ್ಜಿದ್ದರಿಂದ ಹೋಯಿತೇ? ನನ್ನ ಕಣ್ಣಿಗೂ ಪೊರೆ ಬರುತ್ತಿದೆಯೇ? ಎರಡು ವರ್ಷ ಪ್ರತಿ ವಾರ ಅವರ ಲೆಕ್ಕಕ್ಕೆ ಹೂಂ ಎಂದು ಎಂದು, ನನ್ನ ಕಣ್ಣೇ ಅವರ ಕಣ್ಣಾಗಿಬಿಟ್ಟಿದೆಯೇ? ಅಥವಾ ಆ ಶುಕ್ರವಾರ ತಪ್ಪಿದ್ದು ನಾನೇ, ಅವರು ಸರಿಯಾಗಿದ್ದರೇ? ಹಾಗಿದ್ದರೆ ಹವಳದವರು ನಿಜವಾಗಿ ಆ ವರ್ಷವನ್ನು ನುಂಗಿದ್ದಾರೆ. ಹಾಗಿದ್ದರೆ ಅವರ ಎರಡು ವರ್ಷ ವ್ಯರ್ಥವಲ್ಲ. ಹಾಗಿದ್ದರೆ ನಾನು ಮಾಡಿದ್ದು ತಪ್ಪಲ್ಲವೇ? ಅಷ್ಟು ಸುಲಭವಾಗಿ ಬಿಡುಗಡೆ ಬಂದಾಗ ನನಗೆ ಹೆದರಿಕೆಯಾಯಿತು. ಮುಂದಕ್ಕೆ ಎಣಿಸಿದೆ. ಕಂಡದ್ದನ್ನು ಬರೆದೆ. ನೂರ ಹದಿನೇಳು.

ಅವಳನ್ನು ಒಳಗೆ ಕರೆದೆ. ಮರುದಿನದವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಮೇಜಿನ ಮೇಲೆ ಎರಡು ಚೀಟಿಗಳನ್ನೂ ಬಿಚ್ಚಿ ಇಟ್ಟೆವು. ಅವಳದು ನೂರ ಹದಿನಾರು.

ಅವಳು ನನ್ನ ಚೀಟಿಯನ್ನು ನೋಡಿದಳು. ತನ್ನದನ್ನು ನೋಡಿದಳು. ಕೆಳಗಿನ ತುಟಿಯನ್ನು ಕಚ್ಚಿಕೊಂಡಳು.

"ಒಂದು ಗೆರೆಯಲ್ಲಿ ನನಗೆ ಸಂಶಯ ಇತ್ತು ಚೇಚೀ," ಎಂದಳು. "ಮಬ್ಬಾಗಿ ಕಂಡಿತು ಎಂದು ಬಿಟ್ಟೆ. ನಿಮ್ಮದೇ ಸರಿ ಇರಬೇಕು. ನೀವು ಎಷ್ಟು ವರ್ಷದಿಂದ ನೋಡುತ್ತಿದ್ದೀರಿ, ಸಾರ್ ಅವರಿಗೂ ಅಷ್ಟೇ ಬಂದಿತ್ತು. ನಾನು ಹೊಸಬಳು."

ಹಾಗೆಂದು ಅವಳು ಪೆನ್ನಿನ ಮುಚ್ಚಳ ತೆಗೆದಳು. ಕೊನೆಯ ಅಂಕೆಯನ್ನು ತಿದ್ದಲು ಬಗ್ಗಿದಳು.

ನಾನು ಅವಳ ಚೀಟಿಯ ಮೇಲೆ ಅಂಗೈ ಇಟ್ಟೆ. ಪೆನ್ನಿನ ಮೊನೆ ನನ್ನ ಬೆರಳಿಗೆ ತಾಗಿ ಶಾಯಿಯ ಗೆರೆ ಎಳೆಯಿತು.

"ತಿರುತ್ತಂಡ ಮೋಳೇ," ಎಂದೆ. ತಿದ್ದಬೇಡ ಮಗಳೇ.

"ಆದರೆ ಯಾವುದು ಸರಿ ಚೇಚೀ?"

"ನನಗೆ ಗೊತ್ತಿಲ್ಲ. ನಿನಗೆ ಕಂಡದ್ದು ಅಲ್ಲಿಯೇ ಇರಲಿ."

ಅವಳು ಪೆನ್ನು ಕೆಳಗಿಟ್ಟಳು. ಇನ್ನು ತಿದ್ದುವುದಿಲ್ಲ ಎಂದು ತಲೆಯನ್ನೂ ಆಡಿಸಿದಳು. ಆದರೂ ಆ ಚೀಟಿಯ ಮೇಲಿಂದ ಕೈ ತೆಗೆಯಲು ನನಗೆ ಬಹಳ ಹೊತ್ತು ಬೇಕಾಯಿತು.